400 ಪ್ರತಿಶತ ಹಿಗ್ಗಿಸಿದಾಗ ಕಂಡದ್ದು

ನನ್ನ ಮೊದಲ ವೆಬ್ ಪುಟ ಲ್ಯಾಪ್‌ಟಾಪ್‌ನಲ್ಲಿ ಅಚ್ಚುಕಟ್ಟಾಗಿತ್ತು. ಮೇಲೆ ಮೆನು, ಎಡಕ್ಕೆ ಲೇಖನ, ಬಲಕ್ಕೆ ಹುಡುಕಾಟದ ಪೆಟ್ಟಿಗೆ. ಮೊಬೈಲ್‌ನಲ್ಲಿ ತೆರೆದರೆ ಇರುವೆ ಸಾಲಿನಂಥ ಅಕ್ಷರಗಳು. ಪುಟದ ಅಗಲ ಪರದೆಯಷ್ಟೇ ಇರಲಿ ಎಂದು ಬ್ರೌಸರ್‌ಗೆ ತಿಳಿಸುವ ವ್ಯೂಪೋರ್ಟ್ ಮೆಟಾ ಟ್ಯಾಗ್ ಬರೆದಿರಲಿಲ್ಲ. ಅದಿಲ್ಲದಿದ್ದರೆ ಬ್ರೌಸರ್ ಪುಟವನ್ನು ಸುಮಾರು 980 ಪಿಕ್ಸೆಲ್ ಅಗಲಕ್ಕೆ ಹಾಸಿ, ಆಮೇಲೆ ಪರದೆಗೆ ತಕ್ಕಂತೆ ಕುಗ್ಗಿಸುತ್ತದೆ. ಟ್ಯಾಗ್ ಸೇರಿಸಿದೆ. ಅಕ್ಷರ ದೊಡ್ಡದಾಯಿತು, ಪುಟ ಮಾತ್ರ ಪಕ್ಕಕ್ಕೆ ಜಾರತೊಡಗಿತು.

ಹೊರಗಿನ ಡಿವ್‌ಗೆ (ಪುಟದ ಭಾಗಗಳನ್ನು ಕೂಡಿಡುವ ಪೆಟ್ಟಿಗೆಗೆ) ಕೊಟ್ಟಿದ್ದ 1200 ಪಿಕ್ಸೆಲ್ ಅಗಲವನ್ನು ಗರಿಷ್ಠ ಅಗಲವಾಗಿಸಿದೆ. ಆದರೂ ಜಾರುವುದು ನಿಲ್ಲಲಿಲ್ಲ. ಒಂದೊಂದೇ ಭಾಗವನ್ನು ಅಳಿಸುತ್ತಾ ಹುಡುಕಿದಾಗ ಸಿಕ್ಕಿದ್ದು ಲೇಖನದೊಳಗಿನ ಒಂದೇ ಒಂದು ಉದ್ದನೆಯ ಕೋಡ್ ಸಾಲು. ನನ್ನ ಲೇಖನ ಒಂದು ಫ್ಲೆಕ್ಸ್ ಐಟಂ, ಅಂದರೆ ಸಾಲಿನಲ್ಲಿ ಜೋಡಿಸಿದ, ಜಾಗಕ್ಕೆ ತಕ್ಕಂತೆ ಹಿಗ್ಗಿ ಕುಗ್ಗುವ ಭಾಗ. ಅಂಥದರ ಮಿನ್-ವಿಡ್ತ್ (ಕನಿಷ್ಠ ಅಗಲ) ಮೂಲದಲ್ಲಿ ‘ಆಟೋ’ ಆಗಿರುತ್ತದೆ. ಒಳಗಿನ ಮುರಿಯದ ಸಾಲಿಗಿಂತ ಅದು ಕಿರಿದಾಗಲು ಒಪ್ಪುವುದಿಲ್ಲ. ಲೇಖನಕ್ಕೆ ಮಿನ್-ವಿಡ್ತ್ ಸೊನ್ನೆ ಕೊಟ್ಟು, ಕೋಡ್ ಪೆಟ್ಟಿಗೆ ಮಾತ್ರ ಅಡ್ಡಕ್ಕೆ ಸರಿಯುವಂತೆ ಮಾಡಿದ ಮೇಲೆ ಪುಟ ನೆಟ್ಟಗೆ ನಿಂತಿತು. ಮಿನ್-ವಿಡ್ತ್ ಬಗ್ಗೆ ಕಲಿಕೆಯ ಮೊದಲ ವಾರದಲ್ಲೇ ಹೇಳಿಕೊಡಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಕಿರಿದಾದ ಪರದೆಯಲ್ಲಿ ಹುಡುಕಾಟದ ಪೆಟ್ಟಿಗೆ ಲೇಖನದ ಮೇಲೆ ಬರಲೆಂದು, ಪುಟದ ನೋಟ ತಿದ್ದುವ ಸಿಎಸ್‌ಎಸ್‌ನ ‘ಆರ್ಡರ್’ (ಕ್ರಮ) ಗುಣಕ್ಕೆ ‑1 ಬರೆದಿದ್ದೆ. ಬೆರಳಿನಿಂದ ಮುಟ್ಟಿ ನೋಡಿದಾಗ ಎಲ್ಲವೂ ಸರಿಯಾಗಿತ್ತು.

ಅಂಗವಿಕಲರೂ ಬಳಸಬಲ್ಲ ಪುಟಗಳಿಗಾಗಿ ಇರುವ ಮಾರ್ಗಸೂಚಿ ಡಬ್ಲ್ಯುಸಿಎಜಿ 2.1ರಲ್ಲಿ ರಿಫ್ಲೋ ಎಂಬ ನಿಯಮವಿದೆ: 320 ಪಿಕ್ಸೆಲ್ ಅಗಲದಲ್ಲಿಯೂ ಓದುಗ ಸಾಮಾನ್ಯ ಪಠ್ಯವನ್ನು ಅಡ್ಡಕ್ಕೆ ಎಳೆದಾಡಬೇಕಾಗಬಾರದು. 1280 ಪಿಕ್ಸೆಲ್ ಕಿಟಕಿಯನ್ನು 400 ಪ್ರತಿಶತ ಹಿಗ್ಗಿಸಿದರೆ ಸಿಗುವುದು ಅದೇ 320. ಅಂದರೆ ಮಂದದೃಷ್ಟಿಯವರು ಮೇಜಿನ ಕಂಪ್ಯೂಟರಿನಲ್ಲಿ ನೋಡುವುದು ನಾನು ಮೊಬೈಲ್‌ಗೆಂದು ಮಾಡಿದ ವಿನ್ಯಾಸವನ್ನೇ, ಅದೂ ಎಷ್ಟೋ ಸಲ ಕೀಲಿಮಣೆಯಿಂದ. ಇದು ಹೊಳೆದ ದಿನ ಮೌಸ್ ಬದಿಗಿಟ್ಟು, ಪುಟ ಹಿಗ್ಗಿಸಿ, ಟ್ಯಾಬ್ ಒತ್ತುತ್ತಾ ಹೋದೆ. ಏನೂ ಕಾಣಲಿಲ್ಲ. ಟ್ಯಾಬ್ ಎಲ್ಲಿ ನಿಂತಿದೆಯೆಂದು ತೋರಿಸುವ ಗೆರೆಯನ್ನು (ಔಟ್‌ಲೈನ್) ಚೆಂದಕ್ಕೆಂದು ತೆಗೆದುಹಾಕಿದ್ದವನು ನಾನೇ. ಕೀಲಿಮಣೆಯಿಂದ ಓಡಾಡುವಾಗ ಅನ್ವಯಿಸುವ ‘ಫೋಕಸ್-ವಿಸಿಬಲ್’ನಲ್ಲಿ 3 ಪಿಕ್ಸೆಲ್ ಗೆರೆ ಮರಳಿಸಿ ಮತ್ತೆ ಒತ್ತಿದೆ. ಗೆರೆ ನೇರ ಲೇಖನದ ಕೊಂಡಿಗಳಿಗೆ ಇಳಿದು, ಅವೆಲ್ಲ ಮುಗಿದ ಮೇಲೆ ತಟ್ಟನೆ ಮೇಲಕ್ಕೆ ಹಾರಿ ಹುಡುಕಾಟದ ಪೆಟ್ಟಿಗೆಯಲ್ಲಿ ಕುಳಿತಿತು. ‘ಆರ್ಡರ್’ ಬದಲಿಸುವುದು ಕಣ್ಣಿಗೆ ಕಾಣುವ ಕ್ರಮವನ್ನು ಮಾತ್ರ. ಟ್ಯಾಬ್ ನಡೆಯುವುದು ಪುಟದ ಮೂಲ ಬರಹವಾದ ಎಚ್‌ಟಿಎಂಎಲ್ ಬರೆದ ಕ್ರಮದಲ್ಲಿ. ಪೆಟ್ಟಿಗೆಯನ್ನು ಎಚ್‌ಟಿಎಂಎಲ್‌ನಲ್ಲೇ ಲೇಖನಕ್ಕಿಂತ ಮೊದಲು ತಂದು, ಅಗಲ ಪರದೆಯಲ್ಲಿಯೂ ಅದನ್ನು ಮೇಲೆಯೇ ಇರಿಸಿದೆ. ಬಲಬದಿಯ ಅಂಕಣದ ಆಸೆ ಬಿಟ್ಟೆ.

ಬಣ್ಣದ ಕೆಲಸ ಬೇಗ ಮುಗಿಯಿತು. ಬಿಳಿಯ ಮೇಲಿನ #999999 ಬೂದು ಅಕ್ಷರಗಳ ಕಾಂಟ್ರಾಸ್ಟ್ (ಹಿನ್ನೆಲೆಗೂ ಅಕ್ಷರಕ್ಕೂ ಇರುವ ಹೊಳಪಿನ ಅನುಪಾತ) 2.8ರಷ್ಟಿತ್ತು, ಬೇಕಿದ್ದದ್ದು 4.5. #595959 ಮಾಡಿದಾಗ ಸುಮಾರು 7ಕ್ಕೆ ಏರಿತು.

ಕೊನೆಗೆ, ಪರದೆಯಲ್ಲಿರುವುದನ್ನು ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶ ಎನ್‌ವಿಡಿಎ ಹಾಕಿ ಕಣ್ಣು ಮುಚ್ಚಿ ಕೇಳಿದೆ. ಮೆನುವಿನ ಮೂರು ಗೆರೆಗಳ ಚಿಹ್ನೆಯನ್ನು ಅದು ಓದಲೇ ಇಲ್ಲ. ಕ್ಲಿಕ್ ಕೂಡಿಸಿದ ಬರಿಯ ಡಿವ್ ಅದು. ಬಟನ್ ಟ್ಯಾಗ್ ಬಳಸಿ, ‘ಮೆನು’ ಎಂದು ಹೆಸರಿಟ್ಟು, ಏರಿಯಾ-ಎಕ್ಸ್‌ಪಾಂಡೆಡ್ ಸೇರಿಸಿದೆ. ಈಗ ಅದು ಹೆಸರು ಹೇಳುತ್ತದೆ, ಬಟನ್ ಎನ್ನುತ್ತದೆ, ತೆರೆದಿದೆಯೋ ಮುಚ್ಚಿದೆಯೋ ಎಂಬುದನ್ನೂ ತಿಳಿಸುತ್ತದೆ.