ನಗುಮುಖದ ದಣಿವು: ಶಿಶುವಿಹಾರದ ಶಿಕ್ಷಕಿಯರು ಅದನ್ನು ಗುರುತಿಸುವ, ಹಗುರ ಮಾಡಿಕೊಳ್ಳುವ ಬಗೆ

ಸಾಗರ, ಹೊಸನಗರ, ತೀರ್ಥಹಳ್ಳಿಯ ಕಡೆ ಮಳೆ ಹಿಡಿಯುವ ಹೊತ್ತಿಗೇ ಶಿಶುವಿಹಾರಗಳ ಬಾಗಿಲೂ ತೆರೆಯುತ್ತದೆ. ಒದ್ದೆ ರೈನ್‌ಕೋಟು ಬಿಚ್ಚುವ ಮೊದಲೇ ಅಳಲು ತೊಡಗುವ ಇಪ್ಪತ್ತು ಮಕ್ಕಳು, ಅವರನ್ನು ಬಿಟ್ಟುಹೋಗಲಾರದೆ ಜಗುಲಿಯಲ್ಲೇ ನಿಂತ ತಾಯಂದಿರು, ಇವರೆಲ್ಲರ ನಡುವೆ ನಗುತ್ತಲೇ ಇರಬೇಕಾದ ಒಬ್ಬ ಶಿಕ್ಷಕಿ. ಸಂಜೆ ಮನೆ ಸೇರಿದ ಮೇಲೆ ಅವರಿಗೆ ಯಾರೊಡನೆಯೂ ಮಾತು ಬೇಡವೆನಿಸಿದರೆ, ‘ಮಕ್ಕಳ ಜೊತೆ ಆಟ ಆಡ್ಕೊಂಡು ಬರೋದಕ್ಕೆ ಇಷ್ಟು ಸುಸ್ತಾ?’ ಎಂದು ಮನೆಯವರು ಕೇಳುತ್ತಾರೆ. ಈ ಪ್ರಶ್ನೆಗೆ ಉತ್ತರ ತಿಳಿಯದೆ ನಾನೂ ಬಹಳ ವರ್ಷ ಸುಮ್ಮನಿದ್ದೆ. ಸಣ್ಣ ಮಕ್ಕಳಿಗೆ ಅಕ್ಕೋರಾಗಿ ಎರಡು ದಶಕ ಕಳೆದ ಮೇಲೆ ಕಂಡುಕೊಂಡಿದ್ದನ್ನು, ಹೊಸದಾಗಿ ಈ ಕೆಲಸಕ್ಕೆ ಬಂದವರ ಉಪಯೋಗಕ್ಕೆಂದು ಇಲ್ಲಿ ಬರೆಯುತ್ತಿದ್ದೇನೆ.

ದಣಿವು ಯಾವ ಬಗೆಯದೆಂದು ತಿಳಿಯಿರಿ

ಕೆಲಸ ಬೇಡುವ ಮುಖವನ್ನು ತೋರಿಸುವುದಕ್ಕಾಗಿ ಒಳಗಿನ ಭಾವನೆಯನ್ನು ಒತ್ತಿ ಹಿಡಿಯುವುದೂ ಒಂದು ದುಡಿಮೆಯೇ ಎಂದು ಅಮೆರಿಕದ ಸಮಾಜಶಾಸ್ತ್ರಜ್ಞೆ ಆರ್ಲಿ ಹಾಕ್‌ಶೀಲ್ಡ್ 1983ರಲ್ಲಿ, ಗಗನಸಖಿಯರ ಕೆಲಸವನ್ನು ನೋಡಿ ವಿವರಿಸಿದರು. ಇದನ್ನು ಕನ್ನಡದಲ್ಲಿ ಭಾವಶ್ರಮ ಎನ್ನಬಹುದು. ಇದರಲ್ಲಿ ಎರಡು ಬಗೆಗಳಿವೆ. ಒಳಗೆ ಸಿಟ್ಟಿದ್ದರೂ ಮುಖದ ಮೇಲೆ ಮಾತ್ರ ನಗು ತರಿಸಿಕೊಳ್ಳುವುದು ಒಂದು. ಎದುರಿನವರ ಸ್ಥಿತಿಯನ್ನು ಬೇರೆ ರೀತಿಯಲ್ಲಿ ಅರ್ಥ ಮಾಡಿಕೊಂಡು ಒಳಗಿನ ಸಿಟ್ಟನ್ನೇ ಇಳಿಸಿಕೊಳ್ಳುವುದು ಇನ್ನೊಂದು. ಮೊದಲನೆಯದು ಹೆಚ್ಚಾದಷ್ಟೂ ದಣಿವು ಹೆಚ್ಚೆಂಬುದು ಆಮೇಲಿನ ಅನೇಕ ಅಧ್ಯಯನಗಳಲ್ಲಿ ಮತ್ತೆ ಮತ್ತೆ ಕಂಡುಬಂದಿದೆ. ಮುಂದೆ ಹೇಳುವ ಉಪಾಯಗಳೆಲ್ಲ ಒಳಗೊಂದು ಹೊರಗೊಂದು ಇರಬೇಕಾದ ಹೊತ್ತನ್ನು ಕಡಿಮೆ ಮಾಡುವುದಕ್ಕಾಗಿಯೇ ಇವೆ.

ಈ ದಣಿವು ತಿಂಗಳುಗಟ್ಟಲೆ ಇಳಿಯದೆ ಉಳಿದರೆ ಬರುವ ಸ್ಥಿತಿಯನ್ನೇ ಬರ್ನ್‌ಔಟ್ ಎನ್ನುತ್ತಾರೆ. ನಮ್ಮ ಮಾತಿನಲ್ಲಿ ಹೇಳುವುದಾದರೆ ಬತ್ತಿಹೋಗುವುದು. ಮನೋವಿಜ್ಞಾನಿಗಳಾದ ಕ್ರಿಸ್ಟಿನಾ ಮ್ಯಾಸ್ಲಾಕ್ ಮತ್ತು ಸೂಸನ್ ಜಾಕ್ಸನ್ 1981ರಲ್ಲಿ ಪ್ರಕಟಿಸಿದ ಅಳತೆಪಟ್ಟಿಯಲ್ಲಿ ಇದಕ್ಕೆ ಮೂರು ಮುಖಗಳಿವೆ: ಭಾವನೆಯೇ ಬರಿದಾಗುವ ಆಯಾಸ, ಎದುರಿಗಿರುವವರನ್ನು ಮನುಷ್ಯರಂತೆ ಕಾಣದಿರುವ ನಿರ್ಲಿಪ್ತತೆ, ತನ್ನಿಂದ ಏನೂ ಆಗಲಿಲ್ಲವೆಂಬ ಭಾವ. ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಅಂಗೀಕರಿಸಿದ ತನ್ನ ವರ್ಗೀಕರಣದಲ್ಲಿ ಇದನ್ನು ಕಾಯಿಲೆಗಳ ಸಾಲಿಗೆ ಸೇರಿಸದೆ, ಉದ್ಯೋಗಕ್ಕೆ ಸಂಬಂಧಿಸಿದ ವಿದ್ಯಮಾನವೆಂದು ಹೆಸರಿಸಿದೆ. ಅಂದರೆ ತಪ್ಪನ್ನು ಶಿಕ್ಷಕಿಯ ಸ್ವಭಾವದಲ್ಲಿ ಹುಡುಕುವ ಮೊದಲು ಕೆಲಸದ ಏರ್ಪಾಟನ್ನು ನೋಡಬೇಕು.

ಶಿಶುವಿಹಾರದಲ್ಲಿ ಈ ಮೂರರ ಪೈಕಿ ಎರಡನೆಯದನ್ನು ಹಿಡಿಯುವುದು ಕಷ್ಟ, ಏಕೆಂದರೆ ಅದನ್ನು ಒಪ್ಪಿಕೊಳ್ಳಲು ನಾಚಿಕೆಯಾಗುತ್ತದೆ. ಮಗುವಿನ ಹೆಸರು ಬಿಟ್ಟು ‘ಆ ಅಳುಬುರುಕ’ ಎನ್ನಲು ತೊಡಗಿದ್ದೀರಾ, ಬಿದ್ದು ಮಂಡಿ ತರಚಿಕೊಂಡ ಮಗುವನ್ನು ಎತ್ತುವಾಗ ನಿಮ್ಮ ಕೈ ಮಾತ್ರ ಕೆಲಸ ಮಾಡುತ್ತಿದೆಯೇ ಎಂದು ಕೇಳಿಕೊಳ್ಳಿ. ಒಂದು ಮಳೆಗಾಲದಲ್ಲಿ ನಾನು ಹೀಗೆಯೇ ಇದ್ದೆ. ನನಗೆ ಅದು ಗೊತ್ತಾಗಿದ್ದು ಸಹಾಯಕಿ ಹೇಳಿದ ಮೇಲೆ.

ಒಂದು ವಾರದ ಟಿಪ್ಪಣಿ

ಮೊದಲ ಕೆಲಸವಾಗಿ ಒಂದು ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ಆರು ದಿನ ಬರೆಯಿರಿ. ಮಕ್ಕಳು ಬರುವ ಹೊತ್ತು, ಊಟದ ಹೊತ್ತು, ಮಕ್ಕಳು ಹೊರಡುವ ಹೊತ್ತು, ರಾತ್ರಿ ಫೋನ್ ನೋಡಿದ ಹೊತ್ತು, ಹೀಗೆ ದಿನಕ್ಕೆ ನಾಲ್ಕು ಸಲ, ಎಡಕ್ಕೆ ಒಳಗಿದ್ದ ಭಾವನೆ, ಬಲಕ್ಕೆ ಹೊರಗೆ ತೋರಿಸಿದ ಮುಖ. ಎರಡೂ ಒಂದೇ ಆಗಿದ್ದರೆ ಬಿಟ್ಟುಬಿಡಿ. ಬೇರೆಯಾಗಿದ್ದ ಕಡೆ ಕೆಂಪು ಶಾಯಿಯಲ್ಲಿ ಗೆರೆ ಹಾಕಿ. ಸುಂದರವಾಗಿ ಬರೆಯಬೇಕಿಲ್ಲ, ಯಾರಿಗೂ ತೋರಿಸಬೇಕಿಲ್ಲ.

ನನ್ನ ಪುಸ್ತಕದಲ್ಲಿ ಕೆಂಪು ಗೆರೆಗಳು ಮಕ್ಕಳ ಸುತ್ತ ಕಡಿಮೆಯಿದ್ದವು. ಹೆಚ್ಚಿನವು ಬಿದ್ದಿದ್ದು ದೊಡ್ಡವರೊಡನೆ ಮಾತನಾಡಿದ ಹೊತ್ತುಗಳಲ್ಲಿ. ಆಮೇಲೆ ಬರೆದು ನೋಡಿದ ಗೆಳತಿಯರಲ್ಲಿಯೂ ಹಲವರು ಇದನ್ನೇ ಹೇಳಿದರು. ನಿಮ್ಮದು ಬೇರೆಯಿರಬಹುದು. ಎಲ್ಲಿ ಕೆಂಪು ಹೆಚ್ಚಿದೆಯೋ ಅಲ್ಲಿಂದಲೇ ಶುರುಮಾಡಿ, ಉಳಿದದ್ದನ್ನು ಸದ್ಯಕ್ಕೆ ಮುಟ್ಟಬೇಡಿ.

ಜೂನ್ ತಿಂಗಳ ಬೆಳಗು

ಮೂರು, ಮೂರೂವರೆ ವರ್ಷದ ಮಗು ಅಮ್ಮನನ್ನು ಬಿಟ್ಟಿರುವಾಗ ಅಳುವುದು ಅದರ ಬಾಂಧವ್ಯ ಸರಿಯಾಗಿರುವುದರ ಲಕ್ಷಣವೇ ಹೊರತು ನಿಮ್ಮ ಸೋಲಲ್ಲ. ಅಳುವನ್ನು ಕೂಡಲೇ ನಿಲ್ಲಿಸಲೇಬೇಕೆಂದು ಹೊರಟರೆ ನಿಮಿಷಕ್ಕೊಂದು ಸಲ ಸೋಲುತ್ತೀರಿ. ಆ ಸೋಲನ್ನು ನಗುವಿನಿಂದ ಮುಚ್ಚುವುದರಲ್ಲೇ ಬೆಳಗಿನ ಕಸುವೆಲ್ಲ ಮುಗಿಯುತ್ತದೆ. ಆದ್ದರಿಂದ ಅಳುವ ಮಗುವಿನೆದುರು ಅತಿಯಾಗಿ ನಗಬೇಡಿ. ನೆಲದ ಮೇಲೆ ಅದರ ಪಕ್ಕದಲ್ಲಿ ಕುಳಿತು, ‘ಅಮ್ಮ ಬೇಕು ಅನ್ನಿಸ್ತಿದೆ ಅಲ್ವಾ? ಊಟ ಆದ್ಮೇಲೆ ಅಮ್ಮ ಬರ್ತಾರೆ’ ಎಂದು ಮಾಮೂಲು ದನಿಯಲ್ಲಿ ಹೇಳಿ. ಇರುವುದನ್ನು ಇರುವ ಹಾಗೆ ಹೇಳಿದಾಗ ನಟಿಸುವ ಶ್ರಮ ಉಳಿಯುತ್ತದೆ, ಮಗುವಿಗೂ ತನ್ನ ಮಾತು ತಲುಪಿತೆಂದು ತಿಳಿಯುತ್ತದೆ.

ಪೋಷಕರೊಡನೆ ಮೇ ತಿಂಗಳಲ್ಲೇ ಒಂದು ಒಪ್ಪಂದವಾಗಬೇಕು. ಮಗು ಬೇರೆ ಕಡೆ ನೋಡುತ್ತಿರುವಾಗ ಕದ್ದು ಹೋಗಬಾರದು, ಹೇಳಿಯೇ ಹೋಗಬೇಕು, ಹೇಳಿದ ಮೇಲೆ ತಿರುಗಿ ಬಂದು ಕಿಟಕಿಯಲ್ಲಿ ಇಣುಕಬಾರದು. ಕದ್ದು ಹೋದ ಅಮ್ಮನ ಮಗು ಮರುದಿನ ಸೆರಗನ್ನೇ ಬಿಡುವುದಿಲ್ಲ, ಅದರ ಭಾರ ಬೀಳುವುದು ಶಿಕ್ಷಕಿಯ ಮೇಲೆ. ಅಮ್ಮನ ಹಳೆಯ ಸೀರೆಯ ತುಂಡೊಂದನ್ನು ಚೀಲದಲ್ಲಿ ಇಟ್ಟುಕೊಡುವಂತೆ ಹೇಳುವುದೂ ಒಳ್ಳೆಯದು.

ಸಹಾಯಕಿಯೊಡನೆ ಒಂದು ಗುಟ್ಟಿನ ಮಾತನ್ನು ಗೊತ್ತುಮಾಡಿಕೊಳ್ಳಿ. ನಮ್ಮಲ್ಲಿ ಅದು ‘ಹಾಲು ಉಕ್ತಿದೆ’ ಎಂದಿತ್ತು. ಕ್ಷೀರಭಾಗ್ಯದ ಹಾಲು ಕಾಯಿಸುವ ಅಂಗನವಾಡಿಯಲ್ಲಾಗಲಿ, ಖಾಸಗಿ ಶಿಶುವಿಹಾರದಲ್ಲಾಗಲಿ ಈ ಮಾತು ಯಾರ ಕಿವಿಗೂ ವಿಚಿತ್ರವೆನಿಸುವುದಿಲ್ಲ. ಇಬ್ಬರಲ್ಲಿ ಯಾರು ಹಾಗೆಂದರೂ ಇನ್ನೊಬ್ಬರು ಪ್ರಶ್ನೆ ಕೇಳದೆ ಮಕ್ಕಳ ನಡುವೆ ಬಂದು ನಿಲ್ಲಬೇಕು. ಹೇಳಿದವರು ಹಿತ್ತಿಲ ಬಾಗಿಲಿಗೆ ಹೋಗಿ, ಮುಖಕ್ಕೆ ನೀರು ಹಾಕಿಕೊಂಡು, ಎರಡು ನಿಮಿಷದಲ್ಲಿ ಮರಳಬೇಕು. ಮಗುವಿನ ರಟ್ಟೆ ಹಿಡಿದು ಎಳೆಯುವ ಮಟ್ಟಕ್ಕೆ ಸಿಟ್ಟು ಏರುವ ಮೊದಲೇ ಈ ಮಾತು ಬರಬೇಕೆಂಬುದಷ್ಟೇ ನಿಯಮ.

ಜುಲೈ ಬಂತೆಂದರೆ ಮಲೆನಾಡಿನಲ್ಲಿ ಬೇರೊಂದು ತೊಂದರೆಯಿದೆ. ಮಕ್ಕಳನ್ನು ಅಂಗಳಕ್ಕೆ ಬಿಡಲಾಗುವುದಿಲ್ಲ, ತಗಡಿನ ಮಾಡಿನ ಮೇಲೆ ಬೀಳುವ ಮಳೆಯ ಸದ್ದಿಗೆ ಮೇಲಾಗಿ ಕೂಗಬೇಕಾಗುತ್ತದೆ. ಕೂಗುವ ದನಿಯೂ ಸಿಟ್ಟಿನ ದನಿಯೂ ಮಗುವಿಗೆ ಒಂದೇ. ಸ್ವಲ್ಪ ಹೊತ್ತಿನಲ್ಲಿ ನಿಮ್ಮ ಮೈಗೂ ಒಂದೇ ಆಗಿಬಿಡುತ್ತದೆ. ಜೋರು ಮಳೆಯ ಹೊತ್ತಿನಲ್ಲಿ ಕಥೆ, ಪದ್ಯ ಬಿಟ್ಟು ಕೈಕೆಲಸಕ್ಕೆ ತಿರುಗಿ. ಕರೆಯುವುದಕ್ಕೆ ಸಣ್ಣ ಗಂಟೆ ಸಾಕು. ಜಗುಲಿಯಂಚಿನಲ್ಲಿ ಸೂರಿನ ನೀರಿಗೆ ನಾಲ್ಕು ನಾಲ್ಕು ಮಕ್ಕಳಾಗಿ ಕಾಗದದ ದೋಣಿ ಬಿಡಿಸಿ.

ದೊಡ್ಡವರೊಡನೆ

ಅಡಿಕೆ ಕೊಯ್ಲಿನ ದಿನಗಳಲ್ಲಿ ಮಗುವನ್ನು ಕರೆದೊಯ್ಯಲು ಯಾರೂ ಹೊತ್ತಿಗೆ ಸರಿಯಾಗಿ ಬರುವುದಿಲ್ಲ. ಕೊನೆ (ಅಡಿಕೆ ಗೊನೆ) ಇಳಿಸುವ ಆಳು ಸಿಕ್ಕ ದಿನ ಮನೆಮಂದಿಯೆಲ್ಲ ತೋಟದಲ್ಲಿರುತ್ತಾರೆ, ಮಗು ಚೀಲ ಹೆಗಲಿಗೇರಿಸಿಕೊಂಡು ಗೇಟಿನ ಬಳಿ ಕಾಯುತ್ತದೆ, ನೀವು ಅದರ ಜೊತೆ ಕಾಯುತ್ತೀರಿ. ಕೊನೆಗೆ ಅಜ್ಜ ಬಂದಾಗ ‘ಪರವಾಗಿಲ್ಲ ಬಿಡಿ’ ಎಂದು ನಕ್ಕು ಕಳಿಸುತ್ತೀರಿ. ಕೆಂಪು ಗೆರೆ ಬೀಳುವುದು ಇಲ್ಲಿಯೇ. ಮರುದಿನ ಬೆಳಿಗ್ಗೆ, ಸಿಟ್ಟು ಇಳಿದ ಮೇಲೆ, ಹೀಗೆ ಹೇಳಿ: ‘ನಿನ್ನೆ ನಾನು ಕೊನೆ ಬಸ್ಸಿಗೆ ಓಡಬೇಕಾಯ್ತು. ಕೊಯ್ಲು ಇರೋ ದಿನ ಬೆಳಿಗ್ಗೆನೇ ತಿಳಿಸಿ, ಪಕ್ಕದ ಮನೆಯವರಲ್ಲಿ ಯಾರು ಕರ್ಕೊಂಡು ಹೋಗ್ತಾರೆ ಅಂತ ಬರೆದುಕೊಡಿ.’ ಇದರಲ್ಲಿ ಬೈಗುಳವಿಲ್ಲ, ಸುಳ್ಳು ‘ಪರವಾಗಿಲ್ಲ’ವೂ ಇಲ್ಲ.

ವಾಟ್ಸ್‌ಆ್ಯಪ್ ಗುಂಪಿನ ಬಗ್ಗೆ ನನ್ನ ಅಭಿಪ್ರಾಯ ಸ್ವಲ್ಪ ಕಠಿಣ. ರಾತ್ರಿ ಹತ್ತಕ್ಕೆ ‘ಮಿಸ್, ಮಗು ಇವತ್ತು ಊಟ ಯಾಕೆ ಪೂರ್ತಿ ಮಾಡಿಲ್ಲ?’ ಎಂದು ಬರುವ ಪ್ರಶ್ನೆಗೆ ಉತ್ತರಿಸುವುದು ಸೇವೆಯಲ್ಲ, ಮರುದಿನದ ಮಕ್ಕಳ ಪಾಲಿನ ತಾಳ್ಮೆಯನ್ನು ಮುಂಗಡವಾಗಿ ಖರ್ಚು ಮಾಡುವುದು. ಸಂಜೆ ಆರರ ನಂತರ ಜ್ವರ, ಪೆಟ್ಟಿನಂಥ ತುರ್ತು ಸಂಗತಿ ಇದ್ದರೆ ಕರೆ ಮಾಡಬೇಕು, ಉಳಿದದ್ದಕ್ಕೆ ಮರುದಿನ ಮಧ್ಯಾಹ್ನ ಉತ್ತರ ಎಂಬುದನ್ನು ಗುಂಪಿನ ವಿವರಣೆಯಲ್ಲೇ ಬರೆದುಬಿಡಿ. ನಾನು ಇದನ್ನು ಕೇಳಿದಾಗ ಆಗ ಇದ್ದ ಆಡಳಿತ ಮಂಡಳಿಯವರು ‘ಟೀಚರ್ ಮುಖ ಗಂಟಿಕ್ಕಿದರೆ ಅಡ್ಮಿಷನ್ ಕಡಿಮೆಯಾಗುತ್ತೆ’ ಎಂದಿದ್ದರು. ಆ ವರ್ಷ ಬಿಟ್ಟು ಮರುವರ್ಷ, ನಾಲ್ವರು ಶಿಕ್ಷಕಿಯರು ಸೇರಿ ಬರೆದುಕೊಟ್ಟ ಮೇಲೆ ಒಪ್ಪಿದರು. ಒಬ್ಬರೇ ಕೇಳಿದರೆ ಅದು ದೂರು, ನಾಲ್ವರು ಕೇಳಿದರೆ ಬೇಡಿಕೆ.

ಹೊರಲಾಗದ ಸುದ್ದಿ

ಮಗುವೊಂದು ತನ್ನ ಮೇಲೆ ಯಾರೋ ನಡೆಸಿದ ದೌರ್ಜನ್ಯವನ್ನು ತಿಳಿಯದೆಯೇ ಆಡಿತೋರಿಸುವುದೋ ಹೇಳುವುದೋ ಉಂಟು. ಅಂಥ ದಿನ ಶಿಕ್ಷಕಿಗೆ ನಿದ್ದೆ ಬರುವುದಿಲ್ಲ. ಅದನ್ನು ಒಬ್ಬರೇ ಇಟ್ಟುಕೊಂಡು ಕೊರಗಬೇಡಿ, ಮನೆಯವರನ್ನು ತನಿಖೆ ಮಾಡಲೂ ಹೋಗಬೇಡಿ. ಮಗು ಹೇಳಿದ ಮಾತನ್ನು ಅದೇ ಪದಗಳಲ್ಲಿ ದಿನಾಂಕದೊಡನೆ ಬರೆದಿಡಿ. ಲೈಂಗಿಕ ದೌರ್ಜನ್ಯದ ಶಂಕೆಯಿದ್ದರೆ 2012ರ ಪೋಕ್ಸೊ ಕಾಯ್ದೆಯ 19ನೆಯ ಕಲಮಿನಂತೆ ಪೊಲೀಸರಿಗೆ ತಿಳಿಸುವುದು ಕಡ್ಡಾಯ. ಮಕ್ಕಳ ಸಹಾಯವಾಣಿ 1098ಕ್ಕೂ ಕರೆ ಮಾಡಬಹುದು. ತನಿಖೆ ಬೇರೆಯವರ ಹೊಣೆಯೆಂದು ಕಾನೂನೇ ಹೇಳಿರುವುದರಿಂದ ನಿಮ್ಮ ಪಾಲಿನದು ತಿಳಿಸುವುದಷ್ಟೇ ಆಗಿ ಉಳಿಯುತ್ತದೆ.

ಉಸಿರಾಟದ ವ್ಯಾಯಾಮ ನೀಗಿಸಲಾರದ್ದು

ಅಂಗನವಾಡಿಯ ಶಿಕ್ಷಕಿಯರ ಹೊರೆ ಬೇರೆ ತೂಕದ್ದು. ಮಕ್ಕಳ ಕಲಿಕೆಯ ಜೊತೆಗೆ ತೂಕ ನೋಡುವುದು, ಗರ್ಭಿಣಿ, ಬಾಣಂತಿಯರಿಗೆ ಮಾತೃಪೂರ್ಣ ಯೋಜನೆಯ ಊಟ, ಪೋಷಣ್ ಟ್ರ್ಯಾಕರ್ ಎಂಬ ಆ್ಯಪ್‌ನಲ್ಲಿ ದಾಖಲೆ, ಮನೆಭೇಟಿ, ಆಗಾಗ ಸಮೀಕ್ಷೆ ಎಲ್ಲವೂ ಅವರದೇ. ಗುಡ್ಡದ ಮೇಲಿನ ಮನೆಗಳಲ್ಲಿ ಸಿಗ್ನಲ್ ಸಿಗದೆ ಆ್ಯಪ್ ತೆರೆಯದಿದ್ದರೂ ಕೇಳುವುದು ಅವರನ್ನೇ. ಅವರಿಗೆ ಧ್ಯಾನ ಮಾಡಿ ಎನ್ನುವುದು ನನ್ನ ಮಟ್ಟಿಗೆ ಅವಮಾನದ ಹತ್ತಿರದ ಮಾತು. ಯಾವ ದಾಖಲೆ ಎಷ್ಟು ಹೊತ್ತು ತಿಂದಿತೆಂದು ಅದೇ ಟಿಪ್ಪಣಿ ಪುಸ್ತಕದಲ್ಲಿ ಬರೆದು, ವೃತ್ತದ ಮೇಲ್ವಿಚಾರಕಿಯ ಸಭೆಯಲ್ಲಿ ಮುಂದಿಡಿ. ತಾಯಂದಿರು, ಊರವರು ಇರುವ ಅಂಗನವಾಡಿಯ ಬಾಲವಿಕಾಸ ಸಮಿತಿಯಲ್ಲಿಯೂ ಓದಿ. ಅಂಗನವಾಡಿ ಕಾರ್ಯಕರ್ತೆಯರಿಗೂ ಸಹಾಯಕಿಯರಿಗೂ ಗ್ರಾಚ್ಯುಟಿಯ ಹಕ್ಕಿದೆ ಎಂದು ಸುಪ್ರೀಂ ಕೋರ್ಟ್ 2022ರ ಏಪ್ರಿಲ್‌ನಲ್ಲಿ ಹೇಳಿತು. ಸೇವೆ ಎಂಬ ಮಾತಿನಡಿ ಅಡಗಿದ್ದ ದುಡಿಮೆಯನ್ನು ದುಡಿಮೆಯೆಂದು ಲೆಕ್ಕಕ್ಕೆ ತರಿಸಿಕೊಳ್ಳಲು ಸಾಧ್ಯವಿದೆಯೆನ್ನುವುದಕ್ಕೆ ಇದೊಂದು ಉದಾಹರಣೆ.

ಮನೆಗೆ ಹೋಗುವ ದಾರಿಯ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಬಸ್ಸಿನಲ್ಲಿ ಫೋನ್ ತೆಗೆಯದೆ ಕಿಟಕಿಯಾಚೆ ನೋಡಿ, ಮನೆ ಸೇರಿದ ಮೇಲೆ ಅರ್ಧ ಗಂಟೆ ಯಾರಿಗೂ ನಗಬೇಕಾಗಿಲ್ಲದ ಕೆಲಸವೊಂದನ್ನು ಇಟ್ಟುಕೊಳ್ಳಿ. ನನಗೆ ಅದು ಕೊಟ್ಟಿಗೆ ಕೆಲಸ.

ಆದರೆ ಎರಡು ವಾರ ಮೀರಿ ನಿದ್ದೆ ಕೆಟ್ಟಿದ್ದರೆ, ಕಾರಣವಿಲ್ಲದೆ ಅಳು ಬರುತ್ತಿದ್ದರೆ, ಯಾವುದರಲ್ಲೂ ಆಸಕ್ತಿ ಉಳಿಯದಿದ್ದರೆ ಟಿಪ್ಪಣಿ ಪುಸ್ತಕ ಸಾಲದು. ಮೊದಲು ರಕ್ತಪರೀಕ್ಷೆ ಮಾಡಿಸಿ, ಏಕೆಂದರೆ ರಕ್ತಹೀನತೆಯೂ ಥೈರಾಯ್ಡ್ ತೊಂದರೆಯೂ ಇದೇ ಬಗೆಯ ದಣಿವನ್ನು ತರುತ್ತವೆ. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು, ಶುಲ್ಕವಿಲ್ಲ. ಬದುಕೇ ಬೇಡವೆಂಬ ಯೋಚನೆ ಸುಳಿದರೆ ಬೆಳಗಾಗುವವರೆಗೆ ಕಾಯದೆ ಕರೆ ಮಾಡಿ. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಹೋಗಿ ಮನೋವೈದ್ಯರನ್ನೂ ಕಾಣಬಹುದು. ಅಷ್ಟು ದೂರ ಆಗದಿದ್ದರೆ ಮನೋವೈದ್ಯರು ಯಾವ ದಿನ ಬರುತ್ತಾರೆಂದು ನಿಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ವಿಚಾರಿಸಿ.

ದೀಪಾವಳಿ ಕಳೆದ ಮೇಲೆ ಮತ್ತೊಂದು ವಾರ ಟಿಪ್ಪಣಿ ಬರೆಯಿರಿ. ಜೂನ್‌ನಲ್ಲಿ ಕೆಂಪು ಗೆರೆ ಬಿದ್ದಿದ್ದ ಜಾಗದಲ್ಲೇ ಈಗಲೂ ಬೀಳುತ್ತಿದ್ದರೆ ಆ ಎರಡು ಪುಟಗಳ ಝೆರಾಕ್ಸ್ ತೆಗೆಸಿ, ವಾರ್ಷಿಕೋತ್ಸವದ ತಯಾರಿ ಶುರುವಾಗುವ ಮೊದಲೇ ಮುಖ್ಯ ಶಿಕ್ಷಕಿಯ ಮೇಜಿನ ಮೇಲಿಡಿ. ನೃತ್ಯದ ಅಭ್ಯಾಸ ಶುರುವಾದ ಮೇಲೆ ಯಾರಿಗೂ ಓದಲು ಪುರುಸೊತ್ತಿರುವುದಿಲ್ಲ.