ಹಿತ್ತಲಲ್ಲಿ ಕ್ರೇನ್ ಬೆಳೆದ ಎರಡು ವರ್ಷ

ನಾವಿರುವುದು ಜರ್ಮನಿಯ ಎರ್ಲಾಂಗನ್‌ನಲ್ಲಿ. ಸೈಕಲ್ ಹತ್ತಿದರೆ ಅರ್ಧ ಗಂಟೆಯಲ್ಲಿ ಬೈಯರ್ಸ್‌ಡೋರ್ಫ್. ಹಾರ್ಸ್‌ರ್ಯಾಡಿಶ್ ಅನ್ನುವ ಘಾಟು ಬೇರಿಗೆ ಹೆಸರಾದ ಊರು ಅದು. ಈ ಕಡೆಯವರು ಆ ಬೇರನ್ನು ಕ್ರೇನ್ ಅನ್ನುತ್ತಾರೆ. ಹಿಂದೆ ಆ ಊರಿನ ಹೆಂಗಸರು ಬುಟ್ಟಿಯನ್ನು ಬೆನ್ನಿಗೆ ಹಾಕಿಕೊಂಡು ಊರೂರು ತಿರುಗಿ ಇದನ್ನು ಮಾರುತ್ತಿದ್ದರು. ಈಗಲೂ ಸೆಪ್ಟೆಂಬರ್‌ನಲ್ಲಿ ಅಲ್ಲಿ ಕ್ರೇನ್ ಸಂತೆ ನಡೆಯುತ್ತದೆ.

ಮೊದಲ ಸಲ ತಿಂದಾಗ ನನಗೆ ನೆನಪಾಗಿದ್ದು ನಮ್ಮ ತೀರ್ಥಹಳ್ಳಿ ಮನೆಯ ಊಟ. ಮಾವಿನಹಣ್ಣಿನ ಸಾಸಿವೆಗೆ ಅಮ್ಮ ಹಸಿ ಸಾಸಿವೆ ಅರೆದು ಹಾಕಿದಾಗ ಮೂಗಿಗೆ ಏರುತ್ತದಲ್ಲ, ಅದೇ ಘಾಟು. ಮೆಣಸಿನಕಾಯಿ ಹಾಗೆ ನಾಲಿಗೆ ಮೇಲೆ ಉರಿಯುತ್ತಾ ಕೂರುವುದಿಲ್ಲ. ಕಣ್ಣಲ್ಲಿ ನೀರು ತರಿಸಿ ಸ್ವಲ್ಪ ಹೊತ್ತಿಗೆ ಇಳಿದುಬಿಡುತ್ತದೆ. ಸಾಸಿವೆ, ಕ್ರೇನ್ ಎರಡೂ ಒಂದೇ ಕುಟುಂಬದ ಗಿಡ ಅಂತ ಆಮೇಲೆ ಗೊತ್ತಾಯಿತು. ಅವತ್ತೇ ಇದನ್ನು ಬೆಳೆಯಬೇಕು ಅನ್ನಿಸಿತು.

ಇದನ್ನು ಬೀಜದಿಂದ ಬೆಳೆಸುವುದಿಲ್ಲ, ಬೇರಿನ ತುಂಡು ನೆಡುತ್ತಾರೆ. ಪಕ್ಕದ ಮನೆ ಅಜ್ಜಿ ಐದು ತುಂಡು ಕೊಟ್ಟರು. ಪೆನ್ಸಿಲ್ ದಪ್ಪ, ಒಂದು ಅಡಿ ಉದ್ದ. ಒಂದು ತುದಿ ನೇರವಾಗಿ ಕತ್ತರಿಸಿದ್ದು, ಇನ್ನೊಂದು ಓರೆಯಾಗಿ. ನೇರ ಇರುವ ಕಡೆ ತಲೆ, ಓರೆ ಇರುವ ಕಡೆ ಬುಡ. ಈ ಗುರುತಿಲ್ಲದಿದ್ದರೆ ಯಾವುದು ಮೇಲೆ ಅಂತ ನೆಡುವಾಗ ತಿಳಿಯುವುದೇ ಇಲ್ಲ. "ನೆಟ್ಟರೆ ಸಾಲದು, ಬೇಸಿಗೆಯಲ್ಲಿ ಎತ್ತಬೇಕು, ಮರೀಬೇಡಿ" ಅಂದರು ಅಜ್ಜಿ. ನಾನು ಏಪ್ರಿಲ್‌ನಲ್ಲಿ ಗುಳಿ ತೋಡಿ ನೆಟ್ಟಗೆ ನೆಟ್ಟೆ. ಎಲೆ ಮೊಣಕಾಲೆತ್ತರ ಬಂತು. ಇಷ್ಟು ಚೆನ್ನಾಗಿರುವ ಗಿಡವನ್ನು ಯಾಕೆ ಕೆದಕಬೇಕು ಅಂತ ಸುಮ್ನೆ ಬಿಟ್ಟೆ.

ನವೆಂಬರ್‌ನಲ್ಲಿ ಅಗೆದರೆ ಮೇಲೆ ನಾಲ್ಕು ಬೆರಳಷ್ಟು ಮಾತ್ರ ದಪ್ಪ ಬೇರು. ಅಲ್ಲಿಂದ ಕೆಳಗೆ ಏಳೆಂಟು ಕವಲು, ಒಂದಕ್ಕೊಂದು ಸುತ್ತಿಕೊಂಡು. ಸಂದಿನ ಮಣ್ಣು ತೊಳೆದು ಸಿಪ್ಪೆ ತೆಗೆಯುವಷ್ಟರಲ್ಲಿ ಅರ್ಧ ಕಸಕ್ಕೇ ಹೋಯಿತು.

ಮುಂದಿನ ವರ್ಷ ಅಜ್ಜಿ ಹೇಳಿದ ಹಾಗೇ ಮಾಡಿದೆ. ಮಣ್ಣನ್ನು ಒಂದೂವರೆ ಅಡಿ ಆಳ ಸಡಿಲ ಮಾಡಿ, ಹಳೇ ಗೊಬ್ಬರ ಸೇರಿಸಿದೆ. ತುಂಡುಗಳನ್ನು ಒರಟು ಗೋಣಿ ಬಟ್ಟೆಯಲ್ಲಿ ಉಜ್ಜಿ ನಡುವಿನ ಕಣ್ಣುಗಳನ್ನು ತೆಗೆದೆ. ತಲೆಯ ಕಡೆ, ಬುಡದ ಕಡೆ ಮಾತ್ರ ಬಿಟ್ಟೆ. ಈ ಸಲ ನೆಟ್ಟಗಲ್ಲ, ಓರೆಯಾಗಿ ಮಲಗಿಸಿದೆ. ತಲೆಯ ಮೇಲೆ ಎರಡು ಇಂಚು ಮಣ್ಣು.

ಜೂನ್‌ನಲ್ಲಿ ಎಲೆ ಒಂದು ಗೇಣಾದಾಗ ತಲೆಯ ಸುತ್ತ ಕೈಯಲ್ಲೇ ಮಣ್ಣು ಬಿಡಿಸಿದೆ. ಗುದ್ದಲಿ ಮುಟ್ಟಲಿಲ್ಲ. ಓರೆಯಾಗಿ ನೆಟ್ಟಿದ್ದು ಯಾಕೆ ಅಂತ ಆಗ ಅರ್ಥವಾಯಿತು. ಬುಡದ ಬೇರು ಕದಲದ ಹಾಗೆ ತಲೆಯನ್ನು ಮೆಲ್ಲಗೆ ಎತ್ತಬಹುದು. ಹೊಟ್ಟೆಯ ಉದ್ದಕ್ಕೂ ನೂಲಿನಂಥ ಬಿಳಿ ಬೇರುಗಳು ಆಗಲೇ ಹೊರಟಿದ್ದವು. ಹೆಬ್ಬೆರಳಲ್ಲಿ ಒರೆಸಿದರೆ ಸಾಕು, ಕಿತ್ತು ಬರುತ್ತವೆ. ಬೆರಳಿಗೆ ಹಸಿ ಸಾಸಿವೆ ವಾಸನೆ ಹತ್ತಿತು. ತಲೆಯಲ್ಲಿದ್ದ ನಾಲ್ಕು ಚಿಗುರಿನಲ್ಲಿ ಗಟ್ಟಿಯಾದ ಒಂದನ್ನು ಉಳಿಸಿ, ಮತ್ತೆ ಮಲಗಿಸಿ ಮಣ್ಣು ಮುಚ್ಚಿ ನೀರು ಕೊಟ್ಟೆ. ಎರಡು ದಿನ ಎಲೆ ಬಾಡಿತು. ಹೆದರಿಕೆಯಾಯಿತು, ಆದರೆ ಮೂರನೇ ದಿನ ನಿಂತುಕೊಂಡಿತು. ಜುಲೈ ಕೊನೆಗೆ ಇನ್ನೊಂದು ಸಲ ಇದನ್ನೇ ಮಾಡಿದೆ. ನನ್ನ ಪ್ರಕಾರ ಇಡೀ ಬೇಸಾಯದಲ್ಲಿ ಮುಖ್ಯವಾದದ್ದು ಈ ಎರಡು ಮಧ್ಯಾಹ್ನಗಳ ಕೆಲಸ. ಉಳಿದದ್ದನ್ನು ಗಿಡವೇ ನೋಡಿಕೊಳ್ಳುತ್ತದೆ. ಕೋಸಿನ ಹುಳು ಎಲೆ ತಿಂದರೆ ಕೈಯಲ್ಲಿ ಆರಿಸಿದರಾಯಿತು.

ಕೀಳಲು ಅವಸರ ಬೇಡ. ಒಂದೆರಡು ಹಿಮ ಬಿದ್ದು ಎಲೆ ನೆಲಕ್ಕೆ ಒರಗಲಿ. ಎಲೆಯ ಸತ್ವ ಬೇರಿಗೆ ಇಳಿಯುವುದೇ ಶರತ್ಕಾಲದಲ್ಲಿ. ನವೆಂಬರ್ ಎರಡನೇ ವಾರ ಅಗೆದೆ. ಐದರಲ್ಲಿ ನಾಲ್ಕು ಮೂಲಂಗಿ ಹಾಗೆ ನೇರವಾಗಿ ಬಂದವು.

ತುರಿಯದ ಬೇರನ್ನು ಮೂಸಿದರೆ ಏನೂ ಇಲ್ಲ. ಕೊಯ್ದಾಗ, ತುರಿದಾಗಲೇ ಒಳಗೆ ಬೇರೆಬೇರೆ ಇದ್ದ ಎರಡು ವಸ್ತುಗಳು ಕೂಡಿ ಘಾಟು ಹುಟ್ಟುವುದು. ಸಾಸಿವೆ ಅರೆದಾಗಲೂ ಹೀಗೇ ಅಲ್ವಾ? ವಿನೆಗರ್ ಹಾಕಿದ ಕೂಡಲೇ ಘಾಟು ಏರುವುದು ನಿಲ್ಲುತ್ತದೆ. ಹಾಗಾಗಿ ಸೌಮ್ಯ ಬೇಕಾದರೆ ತುರಿದ ತಕ್ಷಣ ಹಾಕಬೇಕು, ಖಾರ ಬೇಕಾದರೆ ಮೂರು ನಿಮಿಷ ಕಾಯಬೇಕು. ನಾನು ಬಾಲ್ಕನಿಯಲ್ಲಿ ಕೂತು ತುರಿಯುತ್ತೇನೆ. ಅಡುಗೆಮನೆಯಲ್ಲಿ ತುರಿದ ದಿನ ಮಗಳು ಕಣ್ಣು ಬಿಡಲಾಗದೆ ಅತ್ತಿದ್ದಳು. ಒಂದು ಬಟ್ಟಲು ತುರಿಗೆ ಒಂದು ದೊಡ್ಡ ಚಮಚ ವಿನೆಗರ್, ಚಿಟಿಕೆ ಉಪ್ಪು. ಫ್ರಿಜ್ಜಿನಲ್ಲಿ ಎರಡು ಮೂರು ವಾರ ಇಡಬಹುದು.

ಇಲ್ಲಿನವರು ಬೇಯಿಸಿದ ಮಾಂಸ, ಕಾರ್ಪ್ ಮೀನಿನ ಜೊತೆ ತಿನ್ನುತ್ತಾರೆ. ನಾವು ಬೀಟ್‌ರೂಟ್ ಮೊಸರುಬಜ್ಜಿಗೆ ಒಂದು ಚಮಚ ಕಲಸುತ್ತೇವೆ. ಒಗ್ಗರಣೆ ಪೂರ್ತಿ ಆರಿದ ಮೇಲೆ ಹಾಕಬೇಕು. ಬಿಸಿಗೆ ಬಿದ್ದರೆ ಘಾಟು ಹೋಗಿಬಿಡುತ್ತದೆ.

ಒಂದು ಎಚ್ಚರಿಕೆ. ಕಿರುಬೆರಳಿನಷ್ಟು ತುಂಡು ಮಣ್ಣಲ್ಲಿ ಉಳಿದರೂ ಮತ್ತೆ ಚಿಗುರುತ್ತದೆ. ಮೊದಲ ವರ್ಷದ ಜಾಗದಲ್ಲಿ ಈಗಲೂ ಟೊಮೆಟೊ ನಡುವೆ ಎಲೆ ಏಳುತ್ತಿದೆ. ಜಾಗ ಕಮ್ಮಿ ಇರುವವರು ತಳ ಕತ್ತರಿಸಿದ ಆಳವಾದ ಡ್ರಮ್ ಹೂತು ಅದರೊಳಗೆ ನೆಡಲಿ. ಅಕ್ಕ ಬೆಂಗಳೂರಿನ ತಾರಸಿಗೆ ಎರಡು ತುಂಡು ತಾ ಅನ್ನುತ್ತಾಳೆ. ಚಳಿಗಾಲದ ನಿದ್ದೆ ಬೇಕಾದ ಗಿಡ ಇದು, ಅಲ್ಲಿ ಒಗ್ಗುವುದಿಲ್ಲ ಅಂದಿದ್ದೇನೆ.

ಬುಡದಲ್ಲಿ ಸಿಕ್ಕ ಹನ್ನೆರಡು ತೆಳು ಬೇರುಗಳನ್ನು ಮೇಲೆ ನೇರ, ಕೆಳಗೆ ಓರೆ ಕತ್ತರಿಸಿ, ಕಟ್ಟು ಕಟ್ಟಿ, ನೆಲಮಾಳಿಗೆಯಲ್ಲಿ ಒದ್ದೆ ಮರಳಿನ ಪೆಟ್ಟಿಗೆಯಲ್ಲಿ ಹೂತಿಟ್ಟಿದ್ದೇನೆ. ಐದು ನನಗೆ. ಉಳಿದದ್ದು ಏಪ್ರಿಲ್‌ನಲ್ಲಿ ಅಜ್ಜಿಗೆ.