‘ಯಾರಿಗೆ ಬಂತು’ ಅಂತ ಕೇಳಿ ಕಾಯುವುದು

ಹಾಡು ತಂಡಕ್ಕೆ ಸೇರಿದ ಹೊಸದರಲ್ಲಿ ಸಿದ್ದಲಿಂಗಯ್ಯನವರ ‘ಯಾರಿಗೆ ಬಂತು ಎಲ್ಲಿಗೆ ಬಂತು ನಲವತ್ತೇಳರ ಸ್ವಾತಂತ್ರ್ಯ’ ಹಾಡನ್ನು ಗಂಟಲು ಹರಿಯುವ ಹಾಗೆ ಹಾಡುತ್ತಿದ್ದೆ. ಸಿಟ್ಟಿನ ಹಾಡು ಅಂತಷ್ಟೇ ನನಗೆ ಗೊತ್ತಿತ್ತು.

ಒಂದು ಆಗಸ್ಟಿನಲ್ಲಿ ಮೂಡಿಗೆರೆ ಕಡೆ ಕಾಫಿ ತೋಟವೊಂದರ ಲೈನ್ ಮನೆಗಳ, ಅಂದರೆ ತೋಟದ ಕೂಲಿಯವರು ಇರುವ ಸಾಲು ಮನೆಗಳ ಮುಂದೆ ಹಾಡಲು ಹೋಗಿದ್ದೆವು. ಜಿಟಿಜಿಟಿ ಮಳೆ. ತಮಟೆಯ ಚರ್ಮ ಥಂಡಿ ಹಿಡಿದು ಸದ್ದೇ ಏಳುತ್ತಿರಲಿಲ್ಲ. ಒಬ್ಬ ಹುಡುಗ ಅದನ್ನು ಕಾಯಿಸಲು ಒಲೆ ಹುಡುಕಿಕೊಂಡು ಒಳಗೆ ಹೋದ. ಅಷ್ಟರಲ್ಲಿ ನಾನು ಸುಮ್ನೆ ಮಾತಾಡಿದ ಹಾಗೆ ಮೊದಲ ಸಾಲು ಹೇಳಿದೆ. ಬಾಗಿಲಲ್ಲಿ ಕೂತಿದ್ದ ಅಜ್ಜಿ ತಕ್ಷಣ ಅಂದರು, “ನಮ್ ಲೈನಿಗಂತೂ ಬಂದಿಲ್ಲ ಕಣಪ್ಪ.” ನೀರು ಬಂತಾ ಅಂತ ಕೇಳಿದರೆ ಹೇಳುತ್ತಾರಲ್ಲ, ಹಾಗೆ.

ಅವತ್ತು ರಾತ್ರಿ ಹಾಡಿನ ಒಂದೊಂದೇ ಪದ ಹಿಡಿದು ನೋಡಿದೆ. ಯಾರಿಗೆ, ಎಲ್ಲಿಗೆ. ಮುಂದೆ ಜೋಬಿಗೆ, ಬೂಟಿಗೆ, ಚಾಟಿಗೆ. ಇಡೀ ಹಾಡು ನಿಂತಿರುವುದೇ ಆ ‘ಗೆ’ ಮೇಲೆ. ಸ್ವಾತಂತ್ರ್ಯ ಬಂದಿದೆ, ಬಡವನ ಮನೆಗೆ ಬಂದಿಲ್ಲ. ಹಾಗಾದರೆ ಯಾರ ಮನೆ ಬಾಗಿಲಿಗೆ ಹೋಯಿತು ಅಂತ ಕವಿ ವಿಚಾರಿಸುತ್ತಿದ್ದಾರೆ. ‘ನಲವತ್ತೇಳರ’ ಅನ್ನುವಾಗ ಇನ್ನೊಂದು ಸ್ವಾತಂತ್ರ್ಯ ಬರುವುದು ಬಾಕಿ ಇದೆ ಅಂತ ನನಗೆ ಕೇಳಿಸುತ್ತದೆ. ಸಿದ್ದಲಿಂಗಯ್ಯ ಹುಟ್ಟಿದ್ದು 1954ರಲ್ಲಿ. ತಾನು ಹುಟ್ಟುವ ಮೊದಲೇ ಮನೆಗೆ ಬಂದಿರಬೇಕಿದ್ದುದು ಯಾಕೆ ಬರಲಿಲ್ಲ ಅಂತ ಮಗ ಕೇಳುವ ಪ್ರಶ್ನೆ ಇದು. ನಿರಾಸೆ ಇದೆ ನಿಜ, ಆದರೆ ಆಸೆ ಪೂರ್ತಿ ಬಿಟ್ಟವನು ವಿಚಾರಿಸಲು ಹೋಗುವುದಿಲ್ಲ ಅಲ್ವಾ?

ನಮ್ಮ ಜಿಲ್ಲೆಯಲ್ಲಿ ಆ ‘ಎಲ್ಲಿಗೆ’ ಇನ್ನೂ ಜಾಸ್ತಿ ಚುಚ್ಚುತ್ತದೆ. 1974ರ ಭೂಸುಧಾರಣೆಯಲ್ಲಿ ಗೇಣಿ ಮಾಡುತ್ತಿದ್ದವರಿಗೆ ಗದ್ದೆ ಸಿಕ್ಕಿತು. ಕಾಫಿ ತೋಟಗಳನ್ನು ಮಾತ್ರ ಕಾಯ್ದೆ ಹೊರಗಿಟ್ಟಿತ್ತು. ಬಯಲಿನ ತನಕ ಬಂದದ್ದು ತೋಟದ ಗೇಟಿನಲ್ಲೇ ನಿಂತಿತು. ಇದನ್ನು ಹೇಳದೆ ಹುಡುಗರಿಗೆ ನಾನು ಈ ಹಾಡು ಕಲಿಸುವುದಿಲ್ಲ.

ಈಗ ಪ್ರಶ್ನೆ ಮುಗಿದ ಕೂಡಲೇ ತಮಟೆ ನಿಲ್ಲಿಸುತ್ತೇವೆ. ಒಂದು ಸುತ್ತು ಪೂರ್ತಿ ಖಾಲಿ. ಹುಡುಗರ ಕೈ ಸುಮ್ಮನಿರುವುದಿಲ್ಲ, ಅದನ್ನು ತಡೆಯುವುದನ್ನೇ ಎರಡು ದಿನ ಅಭ್ಯಾಸ ಮಾಡಿಸುತ್ತೇನೆ. ಹೋದ ಸಲ ಆ ಖಾಲಿ ಜಾಗದಲ್ಲಿ ಹಿಂದೆ ನಿಂತಿದ್ದ ಹೆಂಗಸೊಬ್ಬರು ತಮ್ಮ ಮನೆಯ ಹಕ್ಕುಪತ್ರದ ಮಾತು ತೆಗೆದರು. ಅವರು ಹೇಳಿ ಮುಗಿಸುವ ತನಕ ಕಾದು, ಆಮೇಲೆ ಎರಡನೇ ಸಾಲು ಎತ್ತಿಕೊಂಡೆವು.